ಗಾಡಿ ಎಳೀವಲ್ದು ಅಂದ್ರ ಮೊದಲು ಪಂಪ್ ಬಿಚ್ಚಬ್ಯಾಡ್ರಿ

ತಿಕೋಟಾ, ಬಬಲೇಶ್ವರ ಕಡೆಯಿಂದ ಬರುವ ನಮ್ಮ ಗೆಳೆಯರ ಮನೆಗಳಲ್ಲಿ ಹಳೇ ಟ್ರ್ಯಾಕ್ಟರ್ ಇರೋದು ಹೊಸ ಸುದ್ದಿಯೇನಲ್ಲ. ನಾವು ಮೆಕ್ಯಾನಿಕಲ್ ಓದ್ತೀವಿ ಅಂತ ಗೊತ್ತಾದ ಕೂಡಲೇ ಅಲ್ಲಿ ಕೇಳುವ ಪ್ರಶ್ನೆಯೂ ಒಂದೇ: "ಗಾಡಿ ಮೊದಲಿನಂಗ ಎಳೀವಲ್ದು, ಯಾಕಪಾ?" ಡೀಸೆಲ್ ಸೈಕಲ್‌ನ ದಕ್ಷತೆಯ ಸೂತ್ರ ಬಾಯಿಪಾಠ ಇದ್ದವರೂ ಇಲ್ಲಿ ಗಪ್ ಆಗ್ತೀವಿ. ಪುಸ್ತಕದ ಎಂಜಿನ್‌ಗೆ ಫಿಲ್ಟರ್ ಕಟ್ಟಿಕೊಳ್ಳೋದಿಲ್ಲ, ಟಾಕಿಯಲ್ಲಿ ಗಸಿ ಕೂಡೋದಿಲ್ಲ.

ಗಾಡಿ ಸ್ವಲ್ಪ ನಿಧಾನ ಆದ್ರೆ ಏನಾಯ್ತು ಅನ್ನಬಹುದು. ದ್ರಾಕ್ಷಿ ಬೆಳೆಯುವವರನ್ನು ಕೇಳಿ ನೋಡಿ. ಅಕ್ಟೋಬರ್ ಚಾಟನಿ ಆದಮೇಲೆ ಎಳೆ ಚಿಗುರು ಬರುವ ಹೊತ್ತಿಗೆ ಒಂದು ಮಳೆ ಬಿತ್ತು ಅಂದ್ರೆ ಡೌನಿ ರೋಗದ ಭಯ. ಈ ರೋಗ ಎಲೆಯ ಕೆಳಗಿನ ಮೈಯಲ್ಲಿರುವ ಸಣ್ಣ ರಂಧ್ರಗಳಿಂದ ಒಳಗೆ ಇಳಿಯುತ್ತದೆ. ಹಾಗಾಗಿ ಔಷಧ ಮೇಲೆ ಬಿದ್ದರೆ ಸಾಲದು, ಎಲೆ ಅಲ್ಲಾಡಿ, ಮಗುಚಿ, ಕೆಳಗೂ ತಾಗಬೇಕು. ಆ ಕೆಲಸ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಬ್ಲೋವರ್‌ನ ಗಾಳಿಯದು. ಬ್ಲೋವರ್ ತಿರುಗಿಸೋದು ಟ್ರ್ಯಾಕ್ಟರಿನ ಪಿಟಿಓ ಶಾಫ್ಟ್, ಅದರ ನಿಗದಿತ ವೇಗ ನಿಮಿಷಕ್ಕೆ 540 ಸುತ್ತು. ಎಂಜಿನ್ ಸೋತರೆ ಗಾಳಿ ಸೋಲುತ್ತದೆ, ಗಾಳಿ ಸೋತರೆ ವರ್ಷದ ಬೆಳೆ.

ಇಲ್ಲೊಂದು ಮೋಸ ಇದೆ. ಫ್ಯಾನ್ ತಿನ್ನುವ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ ಅಂತ ಫ್ಲೂಯಿಡ್ಸ್‌ನಲ್ಲಿ ಓದ್ತೀವಿ. ವೇಗ ಶೇ. 10 ಇಳಿದರೆ 0.9ರ ಘನ, ಅಂದ್ರೆ 0.73. ಗಾಳಿ ಇಳಿದದ್ದು ಹತ್ತರಲ್ಲಿ ಒಂದು ಪಾಲು, ಹೊರೆ ಇಳಿದದ್ದು ಕಾಲು ಪಾಲಿಗಿಂತ ಜಾಸ್ತಿ. ಅದಕ್ಕೇ ಸೊರಗಿದ ಎಂಜಿನ್ ಬಂದ್ ಬೀಳೋದಿಲ್ಲ, ಕಡಿಮೆ ವೇಗದಲ್ಲೇ ಆರಾಮಾಗಿ ನಿಂತುಬಿಡುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಓಡುವ ಒಂದು ಹಳೇ ಮೋಟಾರ್ ಬೋಟ್ ಊಹಿಸಿಕೊಳ್ಳಿ, ಅದರ ಪ್ರೊಪೆಲರ್‌ಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಬೋಟ್ ನಡೀತಾನೇ ಇರುತ್ತೆ, ಓಟ ಮಾತ್ರ ಇರೋದಿಲ್ಲ. ಕಣ್ಣಿಗೆ ಕಾಣದ ಈ ಸೋಲನ್ನು ಮೊದಲು ಅಳೆಯಬೇಕು.

ಹಳೇ ಗಾಡಿಗಳ ಮೀಟರ್ ನಂಬೋ ಹಾಗಿಲ್ಲ. ನಮ್ಮ ಹತ್ತಿರ ಮೊಬೈಲ್ ಇದೆಯಲ್ಲ! ಗಾಡಿ ಬಂದ್ ಇದ್ದಾಗ, ಪಿಟಿಓ ಜೊತೆ ತಿರುಗುವ, ಹೊರಗೆ ಕಾಣುವ ಭಾಗಕ್ಕೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಗಾರ್ಡ್ ತೆಗೆಯಬೇಡಿ. ಆಮೇಲೆ ದೂರ ನಿಂತು, ಜೂಮ್ ಮಾಡಿ, ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. 540 ಸುತ್ತು ಅಂದ್ರೆ ಸೆಕೆಂಡಿಗೆ 9. ಒಂದು ಸುತ್ತಿಗೆ ಸುಮಾರು 27 ಫ್ರೇಮ್ ಬರಬೇಕು. 30 ಬಂತು ಅಂದ್ರೆ ಶೇ. 10 ಹೋಯ್ತು ಅಂತ ತಿಳೀರಿ. ತಿರುಗುವ ಶಾಫ್ಟ್ ಹತ್ತಿರ ಟವೆಲ್, ಸಡಿಲ ಅಂಗಿ ಹಾಕ್ಕೊಂಡು ಯಾರೂ ಹೋಗಬಾರದು. ಇದನ್ನ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಈಗ ನಿಜವಾದ ಪ್ರಶ್ನೆ: ಎಂಜಿನ್ ದುಡೀತಿಲ್ಲವೋ, ದುಡಿದದ್ದನ್ನು ಯಾರೋ ತಿಂತಿದ್ದಾರೋ? ಕಿವಿಯೇ ಇದನ್ನು ಅರ್ಧ ಬಿಡಿಸುತ್ತದೆ. ಹೊರೆ ಬಿದ್ದಾಗ ಎಂಜಿನ್ ದನಿ ಇಳಿಯದೆ ಗಾಡಿ ಮಾತ್ರ ಮುಂದೆ ಹೋಗ್ತಿಲ್ಲ ಅಂದ್ರೆ ಕ್ಲಚ್ ಜಾರುತ್ತಿದೆ, ಡೀಸೆಲ್ ಪಂಪಿನ ಸುದ್ದಿಗೇ ಹೋಗಬೇಡಿ. ದನಿ ಇಳಿದು ನರಳಿದರೆ, ಎಂಜಿನ್ ಸೊರಗಿದೆ ಅಥವಾ ಹೊರೆ ಹೆಚ್ಚಾಗಿದೆ. ಬ್ರೇಕ್ ಹಿಡಿದುಕೊಂಡೇ ಓಡಿದರೂ ಹೀಗೇ ಆಗುತ್ತದೆ. ಸ್ವಲ್ಪ ಓಡಿಸಿ ನಿಲ್ಲಿಸಿ, ಎರಡೂ ಕಡೆಯ ಬ್ರೇಕ್ ಹತ್ತಿರ ಕೈ ಒಯ್ದು ನೋಡಿ, ಒಂದು ಕಡೆ ವಿಪರೀತ ಕಾವು ಇದ್ದರೆ ಕಳ್ಳ ಅಲ್ಲೇ ಇದ್ದಾನೆ. ಬ್ಲೋವರ್ ಬಿಚ್ಚಿಟ್ಟಾಗ ಗಾಡಿ ಚಲೋ ಓಡಿದರೆ ಬ್ಲೋವರ್‌ನ ಬೇರಿಂಗ್ ನೋಡಿ. ಬೋಟಿನವರೂ ಎಂಜಿನ್ ಬಿಚ್ಚುವ ಮೊದಲು ತಳಕ್ಕೆ ಹತ್ತಿದ ಪಾಚಿ, ಬಾಗಿದ ಪ್ರೊಪೆಲರ್ ನೋಡೋದು ಇದಕ್ಕೇ. ಹಾಂ, ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಪಂಪಿನ ಮೇಲಿನ ಲಿವರ್ ಕೊನೆತನಕ ಹೋಗ್ತದೋ ಇಲ್ಲವೋ ಅನ್ನೋದನ್ನೂ ನೋಡಿ. ಖರ್ಚು ಸೊನ್ನೆ.

ಹೊರೆ ಸರಿ ಇದೆ, ಎಂಜಿನ್ನೇ ಸೊರಗಿದೆ ಅಂತಾದರೆ ಹೊಗೆ ನೋಡಿ. ಡೀಸೆಲ್ ಎಂಜಿನ್‌ನಷ್ಟು ಪ್ರಾಮಾಣಿಕ ಯಂತ್ರ ಇನ್ನೊಂದಿಲ್ಲ, ತನ್ನ ಕಾಯಿಲೆ ತಾನೇ ಹೊಗೆಯಲ್ಲಿ ಬರೆದು ತೋರಿಸುತ್ತದೆ. ಹೊರೆ ಬಿದ್ದಾಗ ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಇಲ್ಲ, ಇಲ್ಲವೇ ನೋಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ನೀಲಿ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ನೀರು ಒಳಗೆ ಹೋಗ್ತಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಹೊಗೆಯೇ ಇಲ್ಲದ ಸ್ಥಿತಿ. ಶಕ್ತಿ ಇಲ್ಲ, ಹೊಗೆಯೂ ಇಲ್ಲ ಅಂದ್ರೆ ಡೀಸೆಲ್ಲೇ ಬರ್ತಿಲ್ಲ, ಉಪವಾಸ.

ಕಪ್ಪು ಹೊಗೆಯ ಗಾಡಿಗೆ ಮೊದಲ ಔಷಧ ಏರ್ ಕ್ಲೀನರ್. ಎರಡೂವರೆ ಲೀಟರಿನ ಎಂಜಿನ್ ಒಂದು ನಿಮಿಷಕ್ಕೆ 2000 ಸುತ್ತು ತಿರುಗಿದರೆ, ಫೋರ್ ಸ್ಟ್ರೋಕ್ ಆದ್ದರಿಂದ ಸಾವಿರ ಸಲ ಉಸಿರು ಎಳೆಯುತ್ತದೆ: ನಿಮಿಷಕ್ಕೆ ಸುಮಾರು 2500 ಲೀಟರ್, ಗಂಟೆಗೆ ಒಂದೂವರೆ ಲಕ್ಷ ಲೀಟರ್ ಗಾಳಿ. ನಮ್ಮ ಎರಿ ಮಣ್ಣಿನ ಧೂಳಿನಲ್ಲಿ! ಮೇಲಾಗಿ ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಗಾಳಿ ಮೊದಲೇ ಸ್ವಲ್ಪ ತೆಳು. ಬೇಸಿಗೆಯ 40 ಡಿಗ್ರಿಯಲ್ಲಿ ಇನ್ನೂ ತೆಳು. ಹಳೇ ಗಾಡಿಗಳಲ್ಲಿ ಆಯಿಲ್ ಇರುವ ಬಟ್ಟಲಿನ ಕ್ಲೀನರ್ ಇರುತ್ತದೆ. ಅದರ ತಳದಲ್ಲಿ ರಾಡಿ ಕೂತಿದ್ದರೆ ತೆಗೆದು ತೊಳೆಯಬೇಕು. ಹೊಸ ಆಯಿಲ್ ಗೆರೆಯವರೆಗೆ ಮಾತ್ರ, "ಇನ್ನಷ್ಟು ಇರಲಿ" ಅಂತ ಸುರಿದರೆ ಅದೇ ಗಾಳಿಗೆ ಅಡ್ಡ.

ಉಪವಾಸದ ಗಾಡಿಯ ಕಥೆ ಬೇರೆ, ಮತ್ತು ದುಡ್ಡು ಹೆಚ್ಚು ಹಾಳಾಗೋದು ಇಲ್ಲೇ. ಹೊಗೆ ಇಲ್ಲದೆ ಸೊರಗಿದ ಗಾಡಿ ನೋಡಿದ ಕೂಡಲೇ "ಪಂಪ್ ಹೋಗೇತ್ರಿ" ಅನ್ನೋದು ಸುಲಭ. ಹಳೇ ಗಾಡಿಗಳ ಪಂಪಿನ ಮೇಲೆ ಮೈಕೋ ಹೆಸರು ಕಂಡಿರಬಹುದು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು, 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಆ ಪಂಪಿನ ಒಳಗಿನ ಪ್ಲಂಜರ್, ಬ್ಯಾರಲ್‌ಗಳ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಅದನ್ನು ಹೊಲದ ಬದುವಿನ ಮೇಲೆ ಬಿಚ್ಚುವಂತಿಲ್ಲ, ಬಿಚ್ಚಿದರೆ ಪೇಟೆಯ ಟೆಸ್ಟ್ ಬೆಂಚಿಗೆ ಒಯ್ಯಲೇಬೇಕು. ಚಾಟನಿ ಆದ ವಾರದಲ್ಲಿ ಗಾಡಿ ಹಾಗೆ ಕೂತರೆ?

ಅದಕ್ಕೆ ನಮಗೆ ಗೊತ್ತಿರುವ ಅತಿ ಚಲೋ ಪರೀಕ್ಷೆ ಕ್ಯಾನಿನದು. ಐದು ಲೀಟರಿನ ಸ್ವಚ್ಛ ಕ್ಯಾನಿನಲ್ಲಿ ಸೋಸಿದ ಡೀಸೆಲ್ ಹಾಕಿ. ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರ್‌ನಿಂದ ದೂರ, ಬಿಗಿಯಾಗಿ ಕಟ್ಟಿ. ಟಾಕಿಯ ಪೈಪ್ ತೆಗೆದು, ಈ ಕ್ಯಾನಿನ ಪೈಪನ್ನು ಫೀಡ್ ಪಂಪಿಗೆ ಜೋಡಿಸಿ. ಏರ್ ತೆಗೆದು, ಹೊರೆ ಹಾಕಿ ಓಡಿಸಿ. ಗಾಡಿಗೆ ಜೀವ ಬಂತು ಅಂದ್ರೆ ಪಂಪ್, ನೋಝಲ್, ಕಂಪ್ರೆಶನ್ ಎಲ್ಲಾ ಒಂದೇ ಏಟಿಗೆ ಖುಲಾಸೆ, ತಪ್ಪು ಟಾಕಿ ಕಡೆಯದು. ಬೋಟ್ ರಿಪೇರಿ ಮಾಡುವವರೂ ಹೊರಗಿನ ಸಣ್ಣ ಟ್ಯಾಂಕ್ ಕಟ್ಟಿ ಇದನ್ನೇ ಮಾಡುತ್ತಾರೆ. ಪ್ರೋಗ್ರಾಮಿಂಗ್ ಗೊತ್ತಿದ್ದವರಿಗೆ ಇದು ಬೈನರಿ ಸರ್ಚ್, ಅಷ್ಟೇ.

ತಿಕೋಟಾದ ಒಬ್ಬ ಗೆಳೆಯನ ಮನೆಯ ಗಾಡಿಗೆ ಪಂಪ್ ಬಿಚ್ಚುವುದೇ ಗತಿ ಅಂತ ಮಿಸ್ತ್ರಿ ಹೇಳಿ ಹೋಗಿದ್ದರು. ಕ್ಯಾನ್ ಕಟ್ಟಿದ ಮೇಲೆ ಒಂದು ಸುತ್ತಿನ ಫ್ರೇಮ್ 31ರಿಂದ 27ಕ್ಕೆ ಬಂತು. ಟಾಕಿ ಖಾಲಿ ಮಾಡಿದರೆ ತಳದಲ್ಲಿ ಕಪ್ಪು ಗಸಿ, ಕಾಕಿನ ಜಾಳಿಗೆ ಅರ್ಧ ಮುಚ್ಚಿತ್ತು. "ನಿಮ್ಮ ಕಾಲೇಜಿನ ಫೀ ಇಷ್ಟರ ಮಟ್ಟಿಗಾದ್ರೂ ವಸೂಲಾತು ಬಿಡ್ರಿ" ಅಂದರು ಗೆಳೆಯನ ಕಾಕಾ. ಮಿಸ್ತ್ರಿಯನ್ನು ಹಂಗಿಸುವ ಮಾತಲ್ಲ ಇದು, ದಿನಕ್ಕೆ ಹತ್ತು ಗಾಡಿ ನೋಡುವವರಿಗೆ ಕ್ಯಾನ್ ಕಟ್ಟಿ ಕೂಡುವಷ್ಟು ಪುರುಸೊತ್ತು ಎಲ್ಲಿ.

ಟಾಕಿ ಕಡೆ ನೋಡಬೇಕಾದದ್ದು ಇನ್ನೂ ಇದೆ. ಮುಚ್ಚಳದ ಗಾಳಿತೂತು ಧೂಳಿನಿಂದ ಮುಚ್ಚಿದರೆ, ಅರ್ಧ ತಾಸು ಚಲೋ ಓಡಿದ ಗಾಡಿ ಆಮೇಲೆ ಸೊರಗುತ್ತದೆ. ಮುಚ್ಚಳ ಸಡಿಲಿಸಿದಾಗ ಸುಧಾರಿಸಿದರೆ ಅದೇ ಕಾರಣ. ದಾರಿ ಕಟ್ಟಿಕೊಂಡಾಗ ಫೀಡ್ ಪಂಪ್ ಜೋರಾಗಿ ಎಳೆದು, ಸಡಿಲ ವಾಷರ್‌ಗಳಿಂದ ಗಾಳಿಯೂ ಒಳಗೆ ಬರುತ್ತದೆ. ನಮ್ಮೂರಲ್ಲಿ "ಏರ್ ಹಿಡದೈತಿ" ಅನ್ನೋದು ಅದನ್ನೇ. ಪದೇ ಪದೇ ಏರ್ ತೆಗೆಯುತ್ತಾ ಕೂತರೆ ಪ್ರಯೋಜನವಿಲ್ಲ, ಅದು ಬರುವ ಸಂದು ಹುಡುಕಬೇಕು. ಫಿಲ್ಟರ್ ಬದಲಿಸಿ, ಮತ್ತು ಸಂಜೆಯೇ ಟಾಕಿ ತುಂಬಿಡಿ, ಖಾಲಿ ಜಾಗ ಕಡಿಮೆ ಇದ್ದರೆ ರಾತ್ರಿ ತಂಪಿಗೆ ಒಳಗೆ ನೀರಿನ ಹನಿ ಕಟ್ಟೋದೂ ಕಡಿಮೆ.

ಕ್ಯಾನ್ ಕಟ್ಟಿದರೂ ಜೀವ ಬರಲಿಲ್ಲ ಅಂದಾಗ ಮಾತ್ರ ಎಂಜಿನ್ ಹತ್ತಿರ ಬನ್ನಿ. ಐಡಲ್‌ನಲ್ಲಿ ಒಂದೊಂದೇ ನೋಝಲ್ ಪೈಪಿನ ನಟ್ ಸಡಿಲಿಸಿದರೆ, ಯಾವ ಸಿಲಿಂಡರ್‌ನದ್ದು ಸಡಿಲಿಸಿದಾಗ ದನಿ ಬದಲಾಗುವುದಿಲ್ಲವೋ ಅದೇ ಸೋಮಾರಿ. ಇದನ್ನು ಅನುಭವ ಇರುವ ಮಿಸ್ತ್ರಿಯೇ ಮಾಡಲಿ: ಈ ಎಂಜಿನ್‌ಗಳ ನೋಝಲ್ ಸುಮಾರು 200 ಬಾರ್ ಒತ್ತಡದಲ್ಲಿ ತೆರೆಯುತ್ತದೆ, ಆ ಧಾರೆ ಚರ್ಮ ಸೀಳಿ ಒಳಗೆ ಹೋಗಬಲ್ಲದು. ಆ ಸಿಲಿಂಡರ್‌ನ ನೋಝಲ್ ಚೆಕ್ ಮಾಡಿಸಿ, ಟ್ಯಾಪೆಟ್ ಸಂದು ನೋಡಿಸಿ, ಆಮೇಲೆ ಕಂಪ್ರೆಶನ್. ಇಷ್ಟಾದ ಮೇಲೂ ಎಲ್ಲಾ ಸಿಲಿಂಡರ್ ಒಂದೇ ಸಮ ಸೊರಗಿದ್ದರೆ ಪಂಪ್ ಬಿಚ್ಚಿಸಿ ಪೇಟೆಗೆ ಒಯ್ಯಿರಿ. ಒಯ್ಯುವಾಗ ಹೊಗೆಯ ಬಣ್ಣ, ಹೊರೆ ಇದ್ದಾಗಿನ ಮತ್ತು ಇಲ್ಲದಾಗಿನ ವೇಗ ಒಂದು ಚೀಟಿಯಲ್ಲಿ ಬರೆದು ಪಂಪಿನ ಜೊತೆ ಕೊಡಿ.