ದೀಪ ಆರಿದರೂ ಆಟ ನಿಲ್ಲಲಿಲ್ಲ

“ತಾತ, ದೀಪ ಹಚ್ಚು! ಕತ್ತಲಲ್ಲಿ ನಡೆದರೆ ಹಳ್ಳಕ್ಕೆ ಬೀಳ್ತೀಯ!”

ಮೊಮ್ಮಗಳು ಹೀಗೆ ಕೂಗಿದಾಗ ನನಗೆ ನಗು ತಡೆಯಲಾಗಲಿಲ್ಲ. ಕತ್ತಲಲ್ಲಿ ನಡೆಯುವುದು ನನಗೀಗ ನಿತ್ಯದ ಕೆಲಸ. ಒಂದು ಕ್ಷಣ ಸುಮ್ಮನಿದ್ದವಳು ತಾನೂ ನಕ್ಕಳು. ನನ್ನ ಕಣ್ಣಿನ ವಿಷಯ ಬಂದಾಗ ನಮ್ಮ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ನನ್ನ ದೃಷ್ಟಿ ಕಸಿದದ್ದು ಗ್ಲಾಕೋಮಾ. ನೋವಿಲ್ಲದೆ, ಸದ್ದಿಲ್ಲದೆ ಅಂಚುಗಳಿಂದ ನೋಟವನ್ನು ತಿನ್ನುತ್ತಾ ಬರುವ ಕಾಯಿಲೆ ಅದು. ಹೋದ ದೃಷ್ಟಿ ಮರಳುವುದಿಲ್ಲ. ಬೇಗ ಗೊತ್ತಾದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಆದ್ದರಿಂದ ನನ್ನ ವಯಸ್ಸಿನವರು ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ಪರೀಕ್ಷಿಸಿಕೊಳ್ಳಿ. ನಾನು ತಡಮಾಡಿದೆ.

ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ಚೌಕಾಬಾರ. ಕಣ್ಣು ಮಂಜಾದ ಮೇಲೂ ಆಡುತ್ತಿದ್ದೆವು. ಬಿದ್ದ ಕವಡೆಗಳನ್ನು ಬೆರಳಲ್ಲಿ ಮುಟ್ಟಿ ನಾನು ಲೆಕ್ಕ ಹೇಳುತ್ತಿದ್ದೆ, ಕಾಯಿ ನಡೆಸುತ್ತಿದ್ದವಳು ಮೊಮ್ಮಗಳು. ಯಾವ ಕಾಯಿ ಯಾವ ಮನೆಯಲ್ಲಿದೆ ಎಂದು ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಿದ್ದೆ. ಒಂದು ದಿನ ಅವಳಿಗೆ ಮೂರು ಬಿತ್ತು. ಮೂರು ಮನೆ ಮುಂದೆ ನನ್ನ ಕಾಯಿ ಇತ್ತು. ಅವಳು ಅದನ್ನು ಹೊಡೆಯಲಿಲ್ಲ. ಬೇರೆ ಕಾಯಿ ನಡೆಸಿದಳು. ಮುಂದಿನ ವಾರವೂ ಹಾಗೇ ಆಯಿತು. ಪಾಪ, ತಾತನನ್ನು ಗೆಲ್ಲಿಸುತ್ತಿದ್ದಳು.

ಅವಳ ಪ್ರೀತಿ ನನಗೆ ಅರ್ಥವಾಯಿತು. ಆದರೆ ಅಂದಿನಿಂದ ಆಡುವ ಮನಸ್ಸೇ ಹೋಯಿತು. ಅವಳು ಮೊಬೈಲ್ ಹಿಡಿದಳು, ನಾನು ರೇಡಿಯೋ ಹಿಡಿದೆ.

ಮತ್ತೆ ನಮ್ಮನ್ನು ಒಂದೇ ಮೇಜಿಗೆ ತಂದದ್ದು ಒಂದು ನೆನಪು. ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಯಾರೋ ಫ್ಲಾಪಿಯಲ್ಲಿ ಒಂದು ಆಟ ತಂದಿದ್ದರು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಷ್ಟೆ. ನೀವು ಎಲ್ಲಿದ್ದೀರಿ ಎಂದು ಕಂಪ್ಯೂಟರ್ ವಿವರಿಸುತ್ತದೆ. ಏನು ಮಾಡಬೇಕೆಂದು ನೀವು ಟೈಪ್ ಮಾಡುತ್ತೀರಿ. “ಚಿತ್ರವೇ ಇಲ್ಲದ ಆಟವಾ?” ಎಂದು ಮೊಮ್ಮಗಳು ಮೂಗು ಮುರಿದಳು. ಮರುಕ್ಷಣವೇ, “ಹಾಗಾದ್ರೆ ತಾತ, ಅದನ್ನ ನೀನೂ ಆಡಬಹುದಲ್ಲಾ!” ಎಂದಳು.

ಆ ಆಟದ ಹೆಸರು ಕೊಲಾಸಲ್ ಕೇವ್ ಅಡ್ವೆಂಚರ್. ಅದನ್ನು ಬರೆದದ್ದು ಅಮೆರಿಕದ ವಿಲ್ ಕ್ರೌಥರ್. ಇಂಟರ್‌ನೆಟ್‌ನ ತಾಯಿಬೇರಾದ ಅರ್ಪಾನೆಟ್ ಕಟ್ಟಿದ ಎಂಜಿನಿಯರುಗಳಲ್ಲಿ ಆತನೂ ಒಬ್ಬ. ಗುಹೆಗಳೊಳಗೆ ತೆವಳಿ ನಕ್ಷೆ ಮಾಡುವುದು ಆತನ ಹವ್ಯಾಸ. ಮದುವೆ ಮುರಿದು ಹೆಣ್ಣುಮಕ್ಕಳಿಂದ ದೂರವಾದಾಗ, ಅವರು ಬಂದಾಗ ಆಡಲೆಂದು 1975-76ರಲ್ಲಿ ತಾನು ಕಂಡ ಕೆಂಟಕಿಯ ಗುಹೆಯನ್ನೇ ಆಟವಾಗಿ ಬರೆದ. 1977ರಲ್ಲಿ ಡಾನ್ ವುಡ್ಸ್ ಅದನ್ನು ಹಿಗ್ಗಿಸಿ 350 ಅಂಕಗಳ ಆಟ ಮಾಡಿದ. ಇಂದಿನ ಸಾಹಸದ ಆಟಗಳಿಗೆಲ್ಲ ಅದೇ ಮುತ್ತಜ್ಜ.

ಬರೇ ಅಕ್ಷರವಾದ್ದರಿಂದ ಅದನ್ನು ಓದಿ ಹೇಳಲು ಸ್ಕ್ರೀನ್ ರೀಡರ್ ಸಾಕು. ನನ್ನ ಕಂಪ್ಯೂಟರಿನಲ್ಲಿರುವುದು ಎನ್‌ವಿಡಿಎ. ಸ್ವತಃ ಕಣ್ಣು ಕಾಣದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ, ಕಾಸಿಲ್ಲದೆ ಸಿಗುವ ತಂತ್ರಾಂಶ. ಅದಕ್ಕೂ ಮೊದಲೇ, 1995ರಲ್ಲಿ, ಪುಣೆಯಲ್ಲಿ ಹುಟ್ಟಿ ಹದಿನಾಲ್ಕನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್ ಅವರು ಎಮ್ಯಾಕ್‌ಸ್ಪೀಕ್ ಎಂಬ ಮಾತನಾಡುವ ವ್ಯವಸ್ಥೆಯನ್ನು ಲೋಕಕ್ಕೆ ಕೊಟ್ಟಿದ್ದರು.

ಆದರೆ ಹಳೆಯ ಆಟವನ್ನು ಹಾಗೇ ತಂದು ಕೂರಿಸಿದರೆ ನಡೆಯುವುದಿಲ್ಲ. ಹೊಸ ಸಾಲು ಬಂದಾಗ ಅದನ್ನಷ್ಟೇ ಓದಬೇಕಾದ ಧ್ವನಿ ಕೆಲವೊಮ್ಮೆ ಇಡೀ ಪರದೆಯನ್ನು ಮೊದಲಿಂದ ಓದುತ್ತದೆ, ಇಲ್ಲವೇ ಮೌನವಾಗುತ್ತದೆ. ಚುಕ್ಕಿ, ಗೆರೆಗಳಿಂದ ಬಿಡಿಸಿದ ನಕ್ಷೆಯಿದ್ದರೆ “ನಕ್ಷತ್ರ, ನಕ್ಷತ್ರ, ಗೆರೆ, ಗೆರೆ” ಎಂದು ಒದರುತ್ತದೆ. ಇನ್ಫೋಕಾಮ್ ಕಂಪನಿ 1980ರ ದಶಕದಲ್ಲಿ ಮಾರಿದ ಕೆಲವು ಆಟಗಳ ಸುಳಿವುಗಳು ಡಬ್ಬಿಯೊಳಗಿನ ಅಚ್ಚಾದ ಕಾಗದಗಳಲ್ಲಿದ್ದವು. ಕಾಗದ ಕಾಣದವನು ಅರ್ಧದಲ್ಲೇ ಸಿಕ್ಕಿಬೀಳುತ್ತಾನೆ. ಯಾರಾದರೂ ಕೂತು ಅದನ್ನೆಲ್ಲ ಅಕ್ಷರಕ್ಕಿಳಿಸಬೇಕು, ನಕ್ಷೆಯನ್ನು ಮಾತಾಗಿಸಬೇಕು. ಹಳೆಯ ಆಟಕ್ಕೆ ಜೀವ ಕೊಡುವುದೆಂದರೆ ಹೆಚ್ಚಾಗಿ ಇಂಥ ತಾಳ್ಮೆಯ ಕೆಲಸ.

ಆ ಕೆಲಸಕ್ಕೆ ಆಟದ ಮೂಲ ಬರಹ ಕೈಗೆ ಸಿಗಬೇಕಲ್ಲವೆ? ಕ್ರೌಥರ್ ಬರೆದ ಮೊದಲ ಪ್ರತಿ ಕಳೆದೇಹೋಯಿತೆಂದು ಜನ ನಂಬಿದ್ದರು. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, ಡಾನ್ ವುಡ್ಸ್‌ನ ವಿದ್ಯಾರ್ಥಿ ಖಾತೆಯ ಹಳೆಯ ಕಡತಗಳಲ್ಲಿ ಅದು ಸಿಕ್ಕಿತು. 2017ರಲ್ಲಿ ಎರಿಕ್ ರೇಮಂಡ್ ಮೂಲ ಲೇಖಕರಿಬ್ಬರ ಒಪ್ಪಿಗೆ ಪಡೆದು ಅವರ ಆಟದ ನಂತರದ ರೂಪವೊಂದನ್ನು ಎಲ್ಲರಿಗೂ ಮುಕ್ತಗೊಳಿಸಿದರು. ಇನ್ನೊಂದು ಪ್ರಸಿದ್ಧ ಆಟ ಝಾರ್ಕ್. ಅದರ ಮೊದಲ ಮೂರು ಭಾಗಗಳನ್ನು 2025ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಮುಕ್ತಗೊಳಿಸಿತು.

ಸರಿ, ನಾವಿಬ್ಬರೂ ಗುಹೆಗೆ ಇಳಿದೆವು. ಒಂದು ಪುಟ್ಟ ಹಕ್ಕಿಯನ್ನು ಹಿಡಿಯಬೇಕಿತ್ತು. ಎಷ್ಟು ಸಲ ಯತ್ನಿಸಿದರೂ ಸಿಗಲೊಲ್ಲದು. ಅರ್ಧ ಗಂಟೆ ತಡಕಾಡಿದೆ. “ಕೈಯಲ್ಲಿ ಕೋಲಿದೆಯಲ್ಲ ತಾತ, ಅದಕ್ಕೇ ಹೆದರ್ತಿದೆ. ಕೆಳಗಿಡು” ಎಂದಳು ಮೊಮ್ಮಗಳು. ಇಟ್ಟೆ, ಹಕ್ಕಿ ಪಂಜರಕ್ಕೆ ಬಂತು!

ಆಮೇಲೆ ನನ್ನ ಸರದಿ. ಎಲ್ಲ ಕೋಣೆಗಳೂ ಒಂದೇ ರೀತಿ ಇರುವ ಅಂಕುಡೊಂಕಿನ ಚಕ್ರವ್ಯೂಹಕ್ಕೆ ಬಂದೆವು. ಅವಳು ಕಾಗದದ ಮೇಲೆ ನಕ್ಷೆ ಬರೆದೂ ಬರೆದೂ ಸುಸ್ತಾದಳು. ನಾನೆಂದೆ: “ಒಂದೊಂದು ಕೋಣೆಯಲ್ಲಿ ಒಂದೊಂದು ಸಾಮಾನು ಬಿಟ್ಟು ಹೋಗೋಣ ಪುಟ್ಟಿ. ಬಂದ ಕೋಣೆಗೇ ಮತ್ತೆ ಬಂದರೆ ಗೊತ್ತಾಗುತ್ತೆ.” ಹಾಗೇ ಮಾಡಿ ದಾರಿ ಕಂಡುಕೊಂಡೆವು. “ನಿನಗೆ ಹೇಗೆ ಹೊಳೀತು?” ಎಂದಳು. ನಾನು ಮನೆಯಲ್ಲಿ ನಡೆಯುವುದೇ ಹಾಗೆ. ಕಾಲಿಗೆ ಗೋಣಿತಾಟು ಸಿಕ್ಕಿದರೆ ಅಡುಗೆಮನೆ, ಕೈಗೆ ತಣ್ಣನೆ ಕಂಬಿ ಸಿಕ್ಕಿದರೆ ಮೆಟ್ಟಿಲು. ಅದಕ್ಕೇ ಕುರ್ಚಿ ಸರಿಸಬೇಡಿ ಎಂದು ಗೊಣಗುವುದು! ಅಂದಿನಿಂದ ಅವಳು ಕುರ್ಚಿಯನ್ನು ತಪ್ಪದೆ ಸ್ವಸ್ಥಾನಕ್ಕೆ ತಳ್ಳುತ್ತಾಳೆ.

ಈಗ ನಮ್ಮದೇ ಕನ್ನಡದ ಆಟ ಬರೆಯುತ್ತಿದ್ದೇವೆ. ಇಂಗ್ಲಿಷಿನಲ್ಲಿ ಎರಡು ಪದದ ಅಪ್ಪಣೆ ಸಾಕು. ಕನ್ನಡದಲ್ಲಿ ಒಬ್ಬರು “ದೀಪ ತಗೋ” ಎಂದರೆ ಇನ್ನೊಬ್ಬರು “ದೀಪವನ್ನು ತೆಗೆದುಕೊ” ಎನ್ನುತ್ತಾರೆ. ಕಂಪ್ಯೂಟರಿಗೆ ಎಲ್ಲವನ್ನೂ ಕಲಿಸಬೇಕು. ಸದ್ಯಕ್ಕೆ ಒಂದು, ಎರಡು, ಮೂರು ಎಂದು ಆಯ್ಕೆ ಕೊಟ್ಟಿದ್ದೇವೆ. ಎನ್‌ವಿಡಿಎಯ ಕನ್ನಡ ಧ್ವನಿ ಸ್ವಲ್ಪ ಯಂತ್ರದಂತಿದ್ದರೂ ಓದಿಬಿಡುತ್ತದೆ.

ಮೊಮ್ಮಗಳ ಮೊದಲ ಸಾಲು, “ಎದುರಿಗೆ ದೇವಸ್ಥಾನ ಕಾಣುತ್ತದೆ” ಎಂದಿತ್ತು. “ಕಾಣೋದು ಬಿಡು, ಇನ್ನೇನಿದೆ?” ಎಂದೆ. ಅವಳು ಪ್ರಸನ್ನ ವೀರಾಂಜನೇಯ ಗುಡಿಯ ಮೆಟ್ಟಿಲ ಬಳಿ ಕಣ್ಣುಮುಚ್ಚಿ ನಿಂತಳು. ಗಂಟೆಯ ಸದ್ದು, ಹೂವಿನ ಘಮ, ಬಿಸಿಲಿಗೆ ಕಾದ ಕಲ್ಲು ಎಲ್ಲವೂ ಆಟಕ್ಕೆ ಬಂದವು. ಮೆಟ್ರೋ ನಿಲ್ದಾಣದಲ್ಲಿ ಕಾಲಡಿಯ ಉಬ್ಬುಗೆರೆಗಳೇ ದಾರಿಯಾದವು. ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದು ಬಂದಾಗ ಆಟಗಾರ ಮೂಗರಳಿಸಬೇಕು!

ಮಕ್ಕಳೇ, ಇದಕ್ಕೆ ಕಂಪ್ಯೂಟರ್ ಬೇಕೇಬೇಕೆಂದಿಲ್ಲ. ಒಬ್ಬರು ಕಂಪ್ಯೂಟರ್ ಆಗಿ ನಿಮ್ಮ ಬೀದಿಯನ್ನು ವಿವರಿಸಿ, ಇನ್ನೊಬ್ಬರು ಕಣ್ಣುಮುಚ್ಚಿ ದಾರಿ ಹೇಳಿ. ಅಜ್ಜ ಅಜ್ಜಿ ಎಷ್ಟು ಚೆನ್ನಾಗಿ ಆಡುತ್ತಾರೆಂದು ಗೊತ್ತಾಗುತ್ತದೆ.

ಕಳೆದ ಭಾನುವಾರ ಚೌಕಾಬಾರದ ಮಣೆ ಮತ್ತೆ ಹೊರಬಂತು. ಅವಳಿಗೆ ಎರಡು ಬಿತ್ತು. ಎರಡು ಮನೆ ಮುಂದೆ ನನ್ನ ಕಾಯಿ ಇರುವುದು ನನಗೆ ಗೊತ್ತಿತ್ತು. ಉಸಿರು ಬಿಗಿಹಿಡಿದೆ.

“ಹೊಡೆದೆ ತಾತ! ಮೊದಲಿಂದ ಬಾ!”

ಸೋತದ್ದಕ್ಕೆ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.