ಬಂಕಿನಡಿಯ ಸೋರಿಕೆ, ಬಾವಿಯ ನೀರು

ಸಂತೆಕಟ್ಟೆಯಿಂದ ಕಾಪುವಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಯಾವ ಬಂಕಿಗೆ ಹೋದರೂ ಕಣ್ಣಿಗೆ ಬೀಳುವುದು ಪಂಪು ಮಾತ್ರ. ಹತ್ತಾರು ಸಾವಿರ ಲೀಟರ್ ಹಿಡಿಯುವ ಉಕ್ಕಿನ ಟ್ಯಾಂಕುಗಳಿರುವುದು ನೆಲದಡಿಯಲ್ಲಿ. ಉಕ್ಕು ತುಕ್ಕು ಹಿಡಿಯುತ್ತದೆ, ಪೈಪಿನ ಜೋಡಣೆ ಸಡಿಲಾಗುತ್ತದೆ. ಅಮೆರಿಕ 1984ರಲ್ಲಿ ಇದಕ್ಕೆಂದೇ ಕಾನೂನು ತಂದ ಮೇಲೆ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಸೋರಿಕೆಗಳು ಪತ್ತೆಯಾಗಿವೆ.

ನಮ್ಮ ಕರಾವಳಿಯ ನೆಲದಲ್ಲಿ ಈ ಅಪಾಯ ಇನ್ನೂ ಸೂಕ್ಷ್ಮ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಮೇಲೆ ಜೇನುಗೂಡಿನಂತೆ ತೂತುಬಿದ್ದ ಮುರಕಲ್ಲು, ಅದರಡಿ ನೀರನ್ನು ಸುಲಭಕ್ಕೆ ಬಿಡದ ಶೇಡಿ ಮಣ್ಣು. ಮುರಕಲ್ಲಿನಲ್ಲಿ ಬೇಗ ಇಳಿದ ನೀರು ಶೇಡಿಯ ಮೇಲೆ ಅಡ್ಡಕ್ಕೆ ಹರಿಯುತ್ತದೆ. ಮನೆಮನೆಯ ತೆರೆದ ಬಾವಿಗೆ ಒರತೆಯಾಗಿ ಬರುವುದು ಹೆಚ್ಚಾಗಿ ಇದೇ ನೀರು.

ಪೆಟ್ರೋಲ್ ನೀರಿಗಿಂತ ಹಗುರ. ಸೋರಿದ್ದು ಅಂತರ್ಜಲದ ಮೇಲೆ ತೇಲುತ್ತದೆ. ಬೇಸಿಗೆಯಲ್ಲಿ ನೀರಿನೊಂದಿಗೆ ಇಳಿದು ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರೇರಿದಾಗ ಮೆತ್ತಿಕೊಂಡದ್ದು ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಕರಗುವ ಅಂಶಗಳಲ್ಲಿ ಕೆಟ್ಟದ್ದು ಬೆಂಜೀನ್; ಅದು ಕ್ಯಾನ್ಸರ್‌ಕಾರಕ. ಬಿಎಸ್-6 ಪೆಟ್ರೋಲಿನಲ್ಲಿ ಅದು ಶೇ. 1ನ್ನು ಮೀರುವಂತಿಲ್ಲ. ಅಂದರೆ ಲೀಟರಿಗೆ ಹೆಚ್ಚೆಂದರೆ 10 ಮಿ.ಲೀ., ಸುಮಾರು 8.8 ಗ್ರಾಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಆ 8.8 ಗ್ರಾಂ ಪೂರ್ತಿ ಕರಗಿದರೆ 8.8 ಲಕ್ಷ ಲೀಟರ್ ನೀರು ಮಿತಿ ಮುಟ್ಟುತ್ತದೆ. 3 ಮೀಟರ್ ಅಗಲದ, 3 ಮೀಟರ್ ನೀರಿರುವ ಸುಮಾರು 40 ಬಾವಿಗಳ ನೀರು ಅದು. ಬೆಂಜೀನ್ ನಾಲಿಗೆಗೆ ತಿಳಿಯುವುದಾದರೋ ಮಿತಿಯ 50 ಪಟ್ಟು ದಾಟಿದ ಮೇಲೆ. ವಾಸನೆ ಇಲ್ಲ, ರುಚಿ ಕೆಟ್ಟಿಲ್ಲ ಎಂಬುದು ಸಮಾಧಾನಕ್ಕೆ ಕಾರಣವಲ್ಲ.

ಸೋರಿಕೆಯ ತನಿಖೆ ಶುರುವಾಗುವುದು ಲೆಕ್ಕದ ಪುಸ್ತಕದಿಂದ. ಬಂಕಿನವರು ದಿನಾ ಟ್ಯಾಂಕಿಗೆ ಡಿಪ್ ಕೋಲು ಇಳಿಸಿ ಸ್ಟಾಕನ್ನು ಮಾರಾಟದೊಂದಿಗೆ ತಾಳೆ ನೋಡುತ್ತಾರೆ. ಕೋಲಿನ ತುದಿಗೆ ನೀರು ಪತ್ತೆಹಚ್ಚುವ ಪೇಸ್ಟ್ ಹಚ್ಚಿದರೆ ತಳದಲ್ಲಿ ನೀರು ಸೇರಿದ್ದೂ ತಿಳಿಯುತ್ತದೆ. ಕರಾವಳಿಯಲ್ಲಿ ಎರಡೂ ಮುಖ್ಯ. ಬೇಸಿಗೆಯಲ್ಲಿ ತೂತಿನಿಂದ ಇಂಧನ ಹೊರಹೋಗುತ್ತದೆ. ಮಳೆಗಾಲದಲ್ಲಿ ಸುತ್ತಲಿನ ನೀರು ಎತ್ತರಕ್ಕೆ ಬಂದಾಗ ಅದೇ ತೂತಿನಿಂದ ನೀರು ಒಳಬರುತ್ತದೆ. ಅನುಮಾನ ಬಂದರೆ ಟ್ಯಾಂಕು, ಪೈಪುಗಳ ಒತ್ತಡ ಪರೀಕ್ಷೆ.

ಸುತ್ತಲಿನ ನೀರಿನ ಒತ್ತಡ ಎಣ್ಣೆಯನ್ನು ತಡೆಯುತ್ತದೆಂಬ ಈ ತತ್ವವೇ ಕಾಪು ತಾಲೂಕಿನ ಪಾದೂರಿನಲ್ಲಿ ಕೆಲಸ ಮಾಡುತ್ತಿದೆ. ಅಲ್ಲಿ ದೇಶದ ತುರ್ತು ಸಂಗ್ರಹವಾಗಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನು ಬಂಡೆಯಲ್ಲಿ ಕೊರೆದಿದ್ದಾರೆ. ಗುಹೆಗೆ ಉಕ್ಕಿನ ಒಳಪದರವಿಲ್ಲ. ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ಕಾಯ್ದುಕೊಂಡಿರುವುದರಿಂದ ತೈಲ ಹೊರಬರುವುದಿಲ್ಲ. ಒಳಜಿನುಗಿದ ನೀರನ್ನು ಪಂಪ್ ಮಾಡಿ ತೆಗೆಯುತ್ತಾರೆ. ಬಂಕಿನ ಟ್ಯಾಂಕಿಗೆ ಇಂಥ ಕಾವಲಿಲ್ಲ.

ಸೋರಿಕೆ ಖಚಿತವಾದರೆ ನೆಲ ಕೊರೆಯಬೇಕು. ಬೇರೆ ಬೇರೆ ಆಳದ ಮಣ್ಣಿನಿಂದ ಏಳುವ ಆವಿಯನ್ನು ಉಪಕರಣದಿಂದ ಸ್ಥಳದಲ್ಲೇ ಅಳೆದು, ಹೆಚ್ಚು ತೋರಿಸಿದ ಮಣ್ಣನ್ನು ಲ್ಯಾಬಿಗೆ ಕಳಿಸುತ್ತಾರೆ. ಕನಿಷ್ಠ 3 ವೀಕ್ಷಣಾ ಬಾವಿಗಳನ್ನು ತ್ರಿಕೋನಾಕಾರದಲ್ಲಿ ತೋಡಿ ನೀರಿನ ಮಟ್ಟ ಅಳೆದರೆ ಅಂತರ್ಜಲ ಯಾವ ಕಡೆಗೆ ಸಾಗುತ್ತಿದೆಯೆಂದು ಲೆಕ್ಕ ಹಾಕಬಹುದು. ಇಡೀ ತನಿಖೆಯ ಜೀವಾಳ ಇದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಹೊಸ ಬಂಕಿಗೂ ವಸತಿ ಪ್ರದೇಶ, ಶಾಲೆ, ಆಸ್ಪತ್ರೆಗಳಿಗೂ ನಡುವೆ 50 ಮೀಟರ್ ಇರಲಿ ಎನ್ನುತ್ತದೆ. ಆದರೆ ಅಂತರ್ಜಲ ಹರಿದುಬರುವ ದಿಕ್ಕಿನಲ್ಲಿ 30 ಮೀಟರ್ ದೂರದ ಬಾವಿ ಶುದ್ಧವಾಗಿದ್ದು, ಹರಿದುಹೋಗುವ ದಿಕ್ಕಿನಲ್ಲಿ 100 ಮೀಟರ್ ದೂರದ್ದು ಕೆಡಬಹುದು. ದೂರಕ್ಕಿಂತ ದಿಕ್ಕು ಮುಖ್ಯ. ಒಂದೇ ಸಲದ ಮಾದರಿಯೂ ಸಾಲದು; ಮೇ ತಿಂಗಳ ನೀರು, ಆಗಸ್ಟಿನ ನೀರು ಎರಡನ್ನೂ ನೋಡಬೇಕು.

ಮಣ್ಣಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಕ್ಕರೆ ಬೆಂಜೀನನ್ನು ತಿಂದು ಮುಗಿಸುತ್ತವೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಬ್ಯಾಕ್ಟೀರಿಯಾಗಳು ಮೊದಲು ಅದನ್ನೇ ತಿಂದು ಆಮ್ಲಜನಕ ಖಾಲಿ ಮಾಡುವುದರಿಂದ ಬೆಂಜೀನ್ ಹೆಚ್ಚು ಕಾಲ ಉಳಿದು ಇನ್ನಷ್ಟು ದೂರ ಸಾಗಬಹುದು.

ನಿಮ್ಮ ಬಾವಿಯ ಹತ್ತಿರ ಬಂಕು ಇದ್ದರೆ ಅಥವಾ ಬರುವುದಿದ್ದರೆ, ನೀರು ಚೆನ್ನಾಗಿರುವಾಗಲೇ ಒಮ್ಮೆ ಬೆಂಜೀನ್ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಮುಂದೆ ಹೋಲಿಸಲು ಬೇಕಾಗುತ್ತದೆ. ಮಾದರಿಯ ಬಾಟಲಿಯಲ್ಲಿ ಗಾಳಿಗೆ ಜಾಗ ಬಿಡದೆ ತುಂಬಿ, ತಂಪಾಗಿಟ್ಟು ಲ್ಯಾಬಿಗೆ ತಲುಪಿಸಿ. ನೀರಿಗೆ ಪೆಟ್ರೋಲ್ ವಾಸನೆ ಬಂದರೆ ಕುದಿಸಿ ಕುಡಿಯಲು ಹೋಗಬೇಡಿ, ಆವಿ ಅಡುಗೆಮನೆ ತುಂಬುತ್ತದೆ. ಬಳಕೆ ನಿಲ್ಲಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ತಿಳಿಸಿ.