ಪಾನಶಾಲೆಯ ಮೂಲೆಯಲ್ಲಿ ಕುಳಿತವರ ಕಥೆಗಳು

1977ರ ಮೇ ತಿಂಗಳಿನಲ್ಲಿ ಅಮೆರಿಕೆಯಲ್ಲಿ ತೆರೆಕಂಡ ಜಾರ್ಜ್ ಲ್ಯೂಕಾಸನ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ, ಟಾಟೂಯಿನ್ ಎಂಬ ಮರುಭೂಮಿಗ್ರಹದ ಮಾಸ್ ಐಸ್ಲಿ ಪಟ್ಟಣದ ಪಾನಶಾಲೆಯೊಂದು ಕೆಲವೇ ನಿಮಿಷಗಳ ಕಾಲ ಕಣ್ಣಿಗೆ ಬೀಳುತ್ತದೆ. ಸುತ್ತಿಗೆಯಾಕಾರದ ತಲೆಯವನು, ಕೊಂಬುಳ್ಳವನು, ತೋಳನ ಮೋರೆಯವನು, ವಾದ್ಯಗೋಷ್ಠಿ ನಡೆಸುವ ಬೋಳುತಲೆಯವರು, ಹೀಗೆ ನಾನಾ ಲೋಕಗಳ ಜೀವಿಗಳು ಕ್ಷಣಮಾತ್ರ ದರ್ಶನವಿತ್ತು ಮರೆಯಾಗುತ್ತಾರೆ; ಕಥೆಯು ನಾಯಕನಾದ ಲ್ಯೂಕ್ ಸ್ಕೈವಾಕರನ ಬೆನ್ನು ಹಿಡಿದು ಹೊರಟುಹೋಗುತ್ತದೆ. ಪ್ರೇಕ್ಷಕರ ಕುತೂಹಲ ಮಾತ್ರ ಆ ಪಾನಶಾಲೆಯಲ್ಲಿಯೇ ಉಳಿದುಬಿಟ್ಟಿತು.

ಆ ಕುತೂಹಲಕ್ಕೆ ಉತ್ತರವೆಂಬಂತೆ 1995ರಲ್ಲಿ ಕೆವಿನ್ ಜೆ. ಆಂಡರ್ಸನ್ ಎಂಬ ಲೇಖಕನು ಸಂಪಾದಿಸಿದ ‘ಟೇಲ್ಸ್ ಫ್ರಮ್ ದ ಮಾಸ್ ಐಸ್ಲಿ ಕ್ಯಾಂಟೀನಾ’ ಎಂಬ ಸಂಕಲನವು ಹೊರಬಂದಿತು. ಹದಿನಾರು ಕಥೆಗಳ ಈ ಗ್ರಂಥದಲ್ಲಿ ವಾದ್ಯಗಾರರ ಕಥೆ, ಸೈನಿಕನ ಕಥೆ, ಪ್ರೇಮಿಗಳ ಕಥೆ ಎಂದು ಒಬ್ಬೊಬ್ಬರಿಗೂ ಒಂದೊಂದು ಕಥೆಯನ್ನು ಹಂಚಿಕೊಟ್ಟಿರುವ ಕ್ರಮವನ್ನು ನೋಡಿದರೆ, ಇಂಗ್ಲಿಷ್ ಸಾಹಿತ್ಯದ ಪರಿಚಯವುಳ್ಳವರಿಗೆ ಚಾಸರ್ ಕವಿಯ ಕ್ಯಾಂಟರ್ಬರಿ ಯಾತ್ರಿಕರು ನೆನಪಾಗದಿರರು. ಮಹಾಕಾವ್ಯದ ಅಂಚಿನಲ್ಲಿ ನಿಂತವರಿಗೂ ಒಂದು ಅಂತರಂಗವುಂಟೆಂಬ ಅರಿವು ನಮಗೇನೂ ಹೊಸದಲ್ಲ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಗೆ ದೊರೆತ ಕರುಣೆಯನ್ನು ಬಲ್ಲ ಓದುಗರಿಗೆ ಈ ಸಂಕಲನದ ಮರ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ಪಾನಶಾಲೆಯ ಪರಿಚಾರಕನಾದ ವುಹರ್ ಎಂಬವನನ್ನೇ ನೋಡೋಣ. ಚಿತ್ರದಲ್ಲಿ ಅವನ ಪಾಲಿಗೆ ಬಂದುದು, ಯಂತ್ರಮಾನವರನ್ನು ಒಳಗೆ ಬಿಡೆನೆಂದು ಗದರುವುದಷ್ಟೆ. 1995ರ ಸಂಕಲನದಲ್ಲಿ ಡೇವಿಡ್ ಬಿಷಫ್ ಈ ಸಿಡುಕನಿಗೆ ಒಂದು ಮಹತ್ವಾಕಾಂಕ್ಷೆಯನ್ನು ದಯಪಾಲಿಸಿದ್ದಾನೆ: ಪಾತಕಿಗಳ ಒಡೆಯನಾದ ಜಾಬಾನಿಗೆ ಮೆಚ್ಚುಗೆಯಾಗುವಂತಹ ಮದ್ಯವನ್ನು ತಯಾರಿಸಿ ಅವನ ಆಸ್ಥಾನವನ್ನು ಸೇರುವುದು. ಅದೇ ಪಾನಶಾಲೆಯಲ್ಲಿ ಕಳ್ಳಸಾಗಣೆಗಾರ ಹ್ಯಾನ್ ಸೋಲೊನ ಗುಂಡಿಗೆ ಬಲಿಯಾದ ಗ್ರೀಡೊ ಎಂಬವನ ಶವದಿಂದಲೇ ಅವನಿಗೆ ಆ ಮದ್ಯದ ಸಾರವು ಒದಗುತ್ತದೆ! ಇಪ್ಪತ್ತೆರಡು ವರ್ಷಗಳ ತರುವಾಯ ಚಕ್ ವೆಂಡಿಗ್ ಅದೇ ವುಹರನ ಕಥೆಯನ್ನು ಮತ್ತೆ ಬರೆದಾಗ, ಯಂತ್ರಮಾನವರ ಮೇಲಿನ ಅವನ ದ್ವೇಷದ ಬೇರನ್ನು ಯುದ್ಧಯಂತ್ರಗಳು ಮಾಡಿದ ಅನಾಹುತದಲ್ಲಿ ತೋರಿಸಿದನು. ಯಂತ್ರಸೈನ್ಯಗಳ ಆ ಯುದ್ಧವು ಬೆಳ್ಳಿತೆರೆಯ ಮೇಲೆ ಬಂದುದು ಮೊದಲಿನ ಸಂಕಲನದ ಅನಂತರವಾದುದರಿಂದ ಬಿಷಫನಿಗೆ ಈ ಕಾರಣವು ಲಭ್ಯವಿರಲಿಲ್ಲ. ಮೊದಲನೆಯದು ವಿಕೃತವಾದ ಹಾಸ್ಯ, ಎರಡನೆಯದು ಗಾಯದ ಚರಿತ್ರೆ; ನನ್ನ ಒಲವು ಮೊದಲನೆಯದರ ಕಡೆಗೇ.

ಆಂಡರ್ಸನ್ನನೇ ಸಂಪಾದಿಸಿದ ಜಾಬಾನ ಅರಮನೆಯ ಸಂಕಲನವೂ, ‘ಟೇಲ್ಸ್ ಆಫ್ ದ ಬೌಂಟಿ ಹಂಟರ್ಸ್’ ಎಂಬುದೂ ಬೆನ್ನುಬೆನ್ನಿಗೆ ಬಂದವು. ಇದೇ ಸರಣಿಯ 1983ರ ಚಿತ್ರದಲ್ಲಿ ಲ್ಯೂಕನು ರ‍್ಯಾಂಕರ್ ಎಂಬ ಘೋರಮೃಗವನ್ನು ಕೊಂದಾಗ ಅದರ ಪಾಲಕನು ಬಿಕ್ಕಿಬಿಕ್ಕಿ ಅಳುತ್ತಾನೆ, ಪ್ರೇಕ್ಷಕರು ನಗುತ್ತಾರೆ. ಆ ಮೃಗವನ್ನು ಮಗುವಿನಂತೆ ಪ್ರೀತಿಸಿ, ಅದರೊಡನೆ ಪಲಾಯನ ಮಾಡಲು ಹವಣಿಸುತ್ತಿದ್ದವನ ಕಥೆಯನ್ನು ಓದಿದ ಮೇಲೆ ಆ ನಗೆಯು ಅಷ್ಟು ಸುಲಭವಾಗಿ ಬಾರದು. ಆದರೆ ಈ ಪದ್ಧತಿಗೆ ಒಂದು ದೌರ್ಬಲ್ಯವೂ ಉಂಟು. ಸರಣಿಯ ಇನ್ನೊಂದು ಚಿತ್ರದಲ್ಲಿ ಸುಮ್ಮನೆ ನಿಂತಿದ್ದ ಐಜಿ-88 ಎಂಬ ಯಂತ್ರವು ಕಥೆಯಲ್ಲಿ ಎರಡನೆಯ ಡೆತ್ ಸ್ಟಾರ್ ಎಂಬ ದೈತ್ಯ ಯುದ್ಧನೆಲೆಯ ಗಣಕದೊಳಕ್ಕೇ ಹೊಕ್ಕು ಬ್ರಹ್ಮಾಂಡವನ್ನು ಆಳಲು ಹೊರಡುತ್ತದೆ. ದಾರಿಹೋಕರೆಲ್ಲರೂ ಹೀಗೆ ಮಹಾಪುರುಷರಾಗಿಬಿಟ್ಟರೆ ಅಷ್ಟು ವಿಶಾಲವಾದ ಲೋಕವು ಒಂದು ಸಣ್ಣ ಊರಿನಷ್ಟಕ್ಕೆ ಕುಗ್ಗುವುದಿಲ್ಲವೆ?

ಲ್ಯೂಕಾಸನ ಸಂಸ್ಥೆಯು 2012ರಲ್ಲಿ ಡಿಸ್ನಿಯ ವಶವಾಯಿತು. 2014ರಲ್ಲಿ ಹಳೆಯ ಕಾದಂಬರಿ ಕಥೆಗಳೆಲ್ಲ ‘ಲೆಜೆಂಡ್ಸ್’ ಎಂಬ ಹೆಸರಿನಲ್ಲಿ ಅಧಿಕೃತ ಚರಿತ್ರೆಯಿಂದ ಹೊರಗುಳಿದವು. 2017ರಲ್ಲಿ ಮೂಲಚಿತ್ರಕ್ಕೆ ನಲವತ್ತು ತುಂಬಿದಾಗ ‘ಫ್ರಮ್ ಎ ಸರ್ಟನ್ ಪಾಯಿಂಟ್ ಆಫ್ ವ್ಯೂ’ ಎಂಬ ನಲವತ್ತು ಕಥೆಗಳ ಸಂಕಲನವು ಪ್ರಕಟವಾಯಿತು. ಲೇಖಕರು ಸಂಭಾವನೆಯನ್ನು ತ್ಯಜಿಸಿದರು, ಮಕ್ಕಳಿಗೆ ಪುಸ್ತಕ ಒದಗಿಸುವ ‘ಫಸ್ಟ್ ಬುಕ್’ ಸಂಸ್ಥೆಗೆ ನೆರವು ಸಂದಿತು. ಇದರಲ್ಲಿ ರೇ ಕಾರ್ಸನ್ ಬರೆದ ಕೆಂಪು ಯಂತ್ರದ ಕಥೆಯು ನನಗೆ ಆದರ್ಶಪ್ರಾಯವಾಗಿ ತೋರುತ್ತದೆ. ಲ್ಯೂಕನ ಚಿಕ್ಕಪ್ಪನು ಮೊದಲು ಕೊಂಡ ಆ ಯಂತ್ರವು ಕೆಟ್ಟುನಿಂತದ್ದರಿಂದಲೇ ಆರ್2-ಡಿ2 ಎಂಬ ಇನ್ನೊಂದು ಯಂತ್ರಕ್ಕೆ ಆ ಮನೆಯ ಪ್ರವೇಶ ದೊರೆಯಿತಷ್ಟೆ. ಆ ಕೆಡುವಿಕೆಯು ಆಕಸ್ಮಿಕವಲ್ಲ, ಜತೆಯ ಯಂತ್ರಕ್ಕಾಗಿ ಮಾಡಿದ ತ್ಯಾಗವೆಂದು ಕಾರ್ಸನ್ ಹೇಳುತ್ತಾಳೆ. ಚಿತ್ರದ ಒಂದು ಘಟನೆಯೂ ಇಲ್ಲಿ ಬದಲಾಗಿಲ್ಲ, ಅದರ ಅರ್ಥವು ಮಾತ್ರ ಬೇರೆಯಾಗಿದೆ. ಕಸದ ಗುಂಡಿಯಲ್ಲಿ ಲ್ಯೂಕನನ್ನು ನೀರಿನೊಳಕ್ಕೆ ಸೆಳೆದ ಪ್ರಾಣಿಯ ದೃಷ್ಟಿಯಿಂದ ನೆಡಿ ಒಕೊರಾಫೋರ್ ಬರೆದ ಕಥೆಯೂ ಇದೇ ಜಾತಿಯದು.

2020ರಲ್ಲಿಯೂ 2023ರಲ್ಲಿಯೂ ಮೊದಲ ಚಿತ್ರತ್ರಯದ ಉಳಿದೆರಡು ಚಿತ್ರಗಳನ್ನು ಕುರಿತು ಇಂತಹವೇ ಸಂಪುಟಗಳು ಬಂದಿವೆ. ಹೊಸದಾಗಿ ಓದಲಿಚ್ಛಿಸುವವರು ಮೊದಲ ಚಿತ್ರವೊಂದನ್ನು ನೋಡಿಕೊಂಡು 1995ರ ಪಾನಶಾಲೆಯ ಸಂಕಲನದಿಂದಲೇ ಆರಂಭಿಸುವುದು ಲೇಸು. ಅಧಿಕೃತವೋ ಅಲ್ಲವೋ ಎಂಬ ತಕರಾರನ್ನು ಅಭಿಮಾನಿಗಳಿಗೇ ಬಿಟ್ಟುಬಿಡಬಹುದು.